ಅರ್ಧ ಬೆರಳಿನ ಅಂಚು

ಮಾರ್ಚ್ 3, ಮಧ್ಯಾಹ್ನ

ಮೈದಾ ಅಂಟು ಗಂಟುಗಂಟಾಯಿತು. ಮತ್ತೆ ಕುದಿಸಿದೆ.

ಟೈಪಿಸ್ಟ್ ಅಮ್ಮ ಪುಸ್ತಕ ಬೈಂಡ್ ಮಾಡಿಸಲು ಅಂಗಡಿಗೆ ಬಂದಿದ್ದರು. ಕೋರ್ಟಿನಲ್ಲಿ ಟೈಪ್ ಮಾಡಿ ರಿಟೈರ್ ಆದವರು. ಇಟ್ಟಿಗೆಯಷ್ಟು ದಪ್ಪದ ಹಳೆಯ ಇಂಗ್ಲಿಷ್ ಡಿಕ್ಷನರಿ, ಬೆನ್ನು ಕಿತ್ತುಹೋಗಿದೆ. ಚಿಕ್ಕಂದಿನಲ್ಲಿ ಅವರೂ ತಮ್ಮನೂ ಈಗ ಯಾರೂ ಬಳಸದ ಪದ ಹುಡುಕಿ, ಅದು ಮನೆಯಲ್ಲಿ ಯಾರಿಗೆ ಒಪ್ಪುತ್ತದೋ ಅವರ ಹೆಸರನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಡುತ್ತಿದ್ದರಂತೆ. 'ಗ್ರೋಕ್' — ತಿನ್ನುವವರ ಬಾಯನ್ನೇ ಆಸೆಯಿಂದ ನೋಡುತ್ತ ಕೂರುವುದು. ಅಂಚಿನಲ್ಲಿ: ಚಿಕ್ಕಪ್ಪ. 'ಫಜಲ್' — ಕೆಲಸ ಮಾಡುವ ಹಾಗೆ ನಟಿಸುವುದು. ಅಂಚಿನಲ್ಲಿ: ದೊಡ್ಡ ಭಾವ. ನಾನು ನಕ್ಕ ನಗುವಿಗೆ ನಮ್ಮಾಕೆ ಹೊಲಿಗೆ ಬಿಟ್ಟು ಎದ್ದುಬಂದಳು.

"ಅಂಚು ಮಾತ್ರ ಕತ್ತರಿಸ್ಬೇಡಿ," ಅಂದರು ಅಮ್ಮ. ತಮ್ಮನ ಜೊತೆ ಏಳು ವರ್ಷದಿಂದ ಮಾತಿಲ್ಲ. ಅಪ್ಪನ ಮನೆ ಪಾಲಾದಾಗ ಈ ಪುಸ್ತಕ ಯಾರಿಗೆ ಅಂತಲೇ ಜಗಳ. ಹತ್ತನೇ ತಾರೀಕು ತಮ್ಮನಿಗೆ ಅರವತ್ತು. ಅಷ್ಟರಲ್ಲಿ ಕಳಿಸಿಕೊಟ್ಟು ರಾಜಿಯಾಗಬೇಕಂತೆ.

"ನಾಡಿದ್ದು ಬನ್ನಿ," ಅಂದೆ. ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಹೇಳುವುದು ಅದನ್ನೇ.

ಮಾರ್ಚ್ 6

ಕತ್ತರಿಸಿಬಿಟ್ಟೆ.

'ಅಂಚು ಮುಟ್ಟಬಾರದು' ಎಂದು ನಮ್ಮಾಕೆ ಚೀಟಿ ಇಟ್ಟಿದ್ದಳು. ಅದಕ್ಕೇ ಅಂಟಿನ ಬ್ರಷ್ ಒರೆಸಿ ಬಿಸಾಡಿದ್ದೇನೆ. ಕೈ ತನ್ನ ಪಾಡಿಗೆ ಪುಸ್ತಕವನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟಿತು. ಮೂರು ಕಡೆ, ಅರ್ಧರ್ಧ ಬೆರಳು. ಎಷ್ಟು ನುಣುಪಾಗಿ ಬಂತು ಅಂತ ಸವರಿ ಮೆಚ್ಚಿಕೊಂಡೆ ಬೇರೆ. ಆಮೇಲೆ ಗ್ರೋಕ್ ಪುಟ ತೆಗೆದರೆ 'ಚಿಕ್ಕ' ಇದೆ, 'ಪ್ಪ' ಇಲ್ಲ.

ನಮ್ಮಾಕೆ ಬೈಯಲಿಲ್ಲ. ಅದೇ ಹೆದರಿಕೆ. ರದ್ದಿ ಚೀಲವನ್ನು ನೆಲಕ್ಕೆ ಸುರಿದಳು. "ಕೂತ್ಕೊಳ್ಳಿ. ಹುಡುಕೋಣ."

ಮಾರ್ಚ್ 8

ಎರಡು ದಿನ ಬೇರೆ ಕೆಲಸವಿಲ್ಲ. ಬರಹವಿದ್ದ ಅಂಚು ಅರವತ್ತೊಂದು. ನಲವತ್ತಮೂರು ಸಿಕ್ಕವು. ಹೊಂದಿಸಿ, ಹಿಂದೆ ತೆಳು ಕಾಗದ ಕೊಟ್ಟು ಅಂಟಿಸಿದೆವು. ಉಳಿದ ಹದಿನೆಂಟು ಚೂರುಚೂರು.

ಹುಡುಕುವಾಗ ಒಂದು ಪದ ಸಿಕ್ಕಿತು. 'ಓವರ್‌ಮಾರೋ' — ನಾಡಿದ್ದು. ಇಂಗ್ಲಿಷಿನವರು ಅದನ್ನು ಎಂದೋ ಕೈಬಿಟ್ಟರಂತೆ. ಆ ಪದವಿಲ್ಲದೆ ಅವರಲ್ಲಿ ಬೈಂಡರುಗಳು ಹೇಗೆ ಬಾಳುತ್ತಾರೋ...

"ಹದಿನೆಂಟಕ್ಕೂ ನಾವೇ ಏನಾದ್ರೂ ಬರೆದುಬಿಟ್ರೆ?" ಅಂದೆ.

"ಅವರ ಮನೆ ಸೋಮಾರಿ ಯಾರು ಅಂತ ನಿಮಗೇನ್ರಿ ಗೊತ್ತು?" ಅಂದಳು.

ನಿಜ. ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 9, ಸಂಜೆ

ಹೇಳಿದೆ. ಅಮ್ಮ ಒಂದೊಂದೇ ಪುಟ ತಿರುಗಿಸಿದರು.

"ಈ ಹದಿನೆಂಟು ನಂಗೂ ನೆನಪಿಲ್ಲ. ಅವನಿಗಿರುತ್ತೆ," ಅಂದರು. ಅಂಗಡಿ ಫೋನ್ ಎಳೆದುಕೊಂಡರು. ಎಲ್ಲೂ ನೋಡದೆ ನಂಬರ್ ಒತ್ತಿದರು.

"ನಾನು ಕಣೋ... 'ಕೆಂಚ್' ಯಾರಿಗೆ ಬರೆದಿದ್ವಿ?"

ಕೆಂಚ್ ಅಂದರೆ ಗಹಗಹಿಸಿ ನಗುವುದು, ಪುಟದಲ್ಲಿದೆ. ಆ ಕಡೆಯಿಂದ ಏನು ಬಂತೋ, ಅಮ್ಮ ಕಣ್ಣೊರೆಸಿಕೊಂಡು ಜೋರಾಗಿ ನಕ್ಕರು.

"ನಂಗಂತೆ," ಅಂದರು ನಮ್ಮ ಕಡೆ ತಿರುಗಿ. ಫೋನಿಗೆ, "ಸುಳ್ಳು. ನಾಳೆ ಬಾ ಇಲ್ಲಿಗೆ, ತೋರಿಸ್ತೀನಿ."

ಮಾರ್ಚ್ 10

ಅರವತ್ತು ತುಂಬಿದ ದಿನವೇ ತಮ್ಮ ಬಂದರು. ವಾಚ್ ರಿಪೇರಿಯವರು, ಜೇಬಿನಲ್ಲಿ ಭೂತಗನ್ನಡಿ. ಒಂದೊಂದು ಪದಕ್ಕೂ ಜಗಳ. 'ಟ್ವಾಟಲ್', ಅಂದರೆ ಕಾಡುಹರಟೆ. ಅದು ಸೋದರತ್ತೆಗೆ ಅಂತ ಅಮ್ಮ, "ನಿಂಗೇ ಕಣೇ" ಅಂತ ಅವರು. ನಮ್ಮಾಕೆಯದು ನ್ಯಾಯಪೀಠ. ಅಷ್ಟು ಸಾಲದು ಅಂತ ಅವರಿಬ್ಬರ ಒಪ್ಪಿಗೆ ಪಡೆದು, ಫಜಲ್ ಪುಟದಲ್ಲಿ ದೊಡ್ಡ ಭಾವನ ಕೆಳಗೆ 'ಬೈಂಡರ್' ಎಂದೂ ಬರೆದಳು. ಎಲ್ಲರೂ ನಕ್ಕರು, ನಾನೂ.

ಸಂಜೆಯವರೆಗೆ ಐದೇ ಪದ.

"ಮುಗೀಲಿಲ್ಲ," ಅಂದರು ತಮ್ಮ. "ನಾಡಿದ್ದು ಬರ್ತೀವಿ."

ಗಿರಾಕಿಯೊಬ್ಬರು ನನಗೆ ನಾಡಿದ್ದು ಅಂದದ್ದು ಇದೇ ಮೊದಲು. ಬಹಳ ಖುಷಿಯಾಯಿತು.

ಮಾರ್ಚ್ 12, ಬೆಳಿಗ್ಗೆ ಹತ್ತೂಕಾಲು

ಇವತ್ತು ಅಂಟು ಗಂಟಾಗಲಿಲ್ಲ. ಎರಡು ಸ್ಟೂಲು ಒರೆಸಿಟ್ಟೆ. ಪೆನ್ಸಿಲ್ ಹೆರೆದಿಟ್ಟೆ. ಹತ್ತಕ್ಕೆ ಅಂದಿದ್ದರು. ನಾಡಿದ್ದು ಅಂದವರನ್ನು ಕಾಯುವುದು ಇಷ್ಟು ಕಷ್ಟವೆಂದು ಇಪ್ಪತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ. ಮತ್ತೆ ಮುನಿಸಾಯಿತೋ ಏನೋ...

ಸ್ಕೂಟರ್ ಸದ್ದು. ತಮ್ಮ ಓಡಿಸುತ್ತಿದ್ದಾರೆ. ಹಿಂದೆ ಕೂತವರ ಕೆಂಚ್ ಇಲ್ಲಿಗೇ ಕೇಳಿಸುತ್ತಿದೆ. ಬರೆದದ್ದು ಸಾಕು, ಈಗ —