ಊಟಾತೇನ್ ಡಾಟ್ ಇನ್

ಕೋಣನಕುಂಟೆ
13 ಜುಲೈ 2025, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮುಂದಿರುವ ಪಿ.ಜಿ. ಮಾಲೀಕರೇ, ಅವರ ಅಡುಗೆಮನೆಗಳ ಹಿಂದಿರುವ ಜಿರಳೆಗಳೇ, ಹಾಗೂ ಗದಗಿನಲ್ಲಿ ಕಾಲು ಚಾಚಿ ಕೂತು ಈ ಕಾಗದ ಓದುತ್ತಿರುವ ನನ್ನ ವಿಜಿಯೇ,

‘ವಾಸ ವಿಶ್ವಾಸ’ ಸಲಹಾ ಸಂಸ್ಥೆಯ ಕಟ್ಟಕಡೆಯ ಸಭೆಗೆ ತಮಗೆಲ್ಲ ಸ್ವಾಗತ. ಸಂಸ್ಥೆಯ ಸದಸ್ಯರು ಇಬ್ಬರು. ಒಬ್ಬಳು ಊರಿಗೆ ಹೋಗಿದ್ದಾಳೆ, ಇನ್ನೊಬ್ಬಳು ಮಾತಾಡುತ್ತಿದ್ದಾಳೆ. ಹಾಗಾಗಿ ಗದ್ದಲವಿಲ್ಲ. ಇಂದಿನ ಮೊದಲ ವಿಷಯ, ಶ್ರೀಮತಿ ವಿಜಯಲಕ್ಷ್ಮಿಯವರ ಪತ್ರ ಬಂದು ತಲುಪಿದೆ. ಎರಡನೆಯದು, ಆ ಪತ್ರದೊಳಗೆ ಬೇರೆ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದ ಇನ್ನೊಂದು ಪತ್ರವೂ ತಲುಪಿದೆ. ಆದರೆ ಅದು ತಲುಪಬೇಕಾದವರಿಗೆ ತಲುಪಿಲ್ಲ.

ಶ್ರಾವಣದ ಮೊದಲ ಸೋಮವಾರ ನಿನ್ನ ಖಾನಾವಳಿ ಶುರುವಾಗುತ್ತದೆ ಎಂದು ಓದಿ ಸಂತೋಷವಾಯಿತು. ‘ಲತಾ, ಬೋರ್ಡ್ ಬರಿಯಾಂವ ಗಡಿಬಿಡಿ ಮಾಡಾಕತ್ತಾನ. ಪಾರವ್ವ ಹೂಂ ಅಂದ್ರ ಊಟಾತೇನ್ ಅಂತ ಬರಸ್ತೀನಿ, ಒಲ್ಲೆ ಅಂದ್ರ ಬಿಡ್ತೀನಿ. ಒಬ್ಬಾಕಿ ಮೊದಲ ತಗೊಂಡ ಹೆಸರು, ಕೇಳದ ಹಾಕೂದು ಚೊಲೊ ಅಲ್ಲ. ಒಳಗಿನ ಕಾಗದ ಆಕಿ ಕೈಗೆ ಮುಟ್ಟಸು’ ಎಂದು ಬರೆದಿದ್ದೀಯ. ಕಾಗದ ಬಂದು ಒಂಬತ್ತು ದಿನವಾಯಿತು. ಬೋರ್ಡಿನವನು ಬಣ್ಣ ಕಲಸಿಕೊಂಡು ಕಾಯುತ್ತಿರಬಹುದು. ತಡವಾದದ್ದಕ್ಕೆ ಕಾರಣ ಹೇಳಬೇಕು. ಆದರೆ ಸಭಾ ಮರ್ಯಾದೆಯಂತೆ ಮೊದಲು ಹಿನ್ನೆಲೆ.

ಬಿ.ಟಿ.ಎಂ. ಎರಡನೇ ಹಂತದ ಒಂದು ಲೇಡೀಸ್ ಪಿ.ಜಿ.ಯಲ್ಲಿ ಹನ್ನೆರಡು ವರ್ಷ ಅಡುಗೆಮನೆ ನೋಡಿಕೊಂಡವಳು ವಿಜಯಲಕ್ಷ್ಮಿ. ಅದೇ ಪಿ.ಜಿ.ಯ ಬಾಗಿಲ ಮೇಜಿನಲ್ಲಿ ಕೂತು ಆಧಾರ್ ನಕಲು, ಪೊಲೀಸ್ ಫಾರಂ, ನೀರಿನ ಟ್ಯಾಂಕರು ನೋಡಿಕೊಂಡವಳು ಲತಾಮಣಿ. ಮಾಲೀಕರು ಕಟ್ಟಡವನ್ನು ಒಂದು ಕಂಪನಿಗೆ ವಹಿಸಿದ ದಿನ ಇಬ್ಬರೂ ಒಟ್ಟಿಗೇ ಹೊರಬಂದರು, ಒಬ್ಬಳ ಕೈಯಲ್ಲಿ ಕುಕ್ಕರು, ಇನ್ನೊಬ್ಬಳ ಕೈಯಲ್ಲಿ ಸ್ಟೇಪ್ಲರು. ಹೊಸದಾಗಿ ಪಿ.ಜಿ. ತೆರೆಯುವವರಿಗೆ ಸಲಹೆ ಕೊಡೋಣ ಎಂದು ಸ್ಟೇಪ್ಲರಿನವಳಿಗೆ ಹೊಳೆಯಿತು. ಎಷ್ಟು ಮಂಚಕ್ಕೆ ಎಷ್ಟು ಬಚ್ಚಲು, ಯಾವ ವಾರ ಯಾವ ಪಲ್ಯ, ಯಾವ ಅರ್ಜಿ ಯಾವ ಕಚೇರಿಗೆ. ಇದನ್ನೆಲ್ಲ ನಮ್ಮಷ್ಟು ಬಲ್ಲವರು ಯಾರಿದ್ದರು ಹೇಳು.

ಜಯನಗರ ಕಾಂಪ್ಲೆಕ್ಸಿನ ಹತ್ತಿರದ ಆ ನಿಂತು ಕುಡಿಯುವ ಹೋಟೆಲು ನೆನಪಿದೆಯಲ್ಲ? ಬೈಟು ಕಾಫಿ ಮುಂದಿಟ್ಟುಕೊಂಡು ನಾನು ನಿನಗೆ ಡೊಮೇನ್ ಎಂದರೇನು ಎಂದು ಪಾಠ ಮಾಡಿದೆ. ಇಂಟರ್ನೆಟ್ಟಿನಲ್ಲಿ ನಮ್ಮ ಹೆಸರಿಗೆ ಒಂದು ಜಾಗ, ಒಬ್ಬರು ತಗೊಂಡರೆ ಇನ್ನೊಬ್ಬರಿಗೆ ಸಿಗಲ್ಲ ಎಂದೆ. ‘ಬಿ.ಡಿ.ಎ. ಸೈಟ್ ಇದ್ದಂಗೇನು?’ ಎಂದು ಕೇಳಿದೆ ನೀನು. ‘ಹೂಂ ಕಣೆ, ಖಾತಾ ಒಂದು ಬೇಡ’ ಎಂದೆ ನಾನು. ಆಮೇಲೆ ರಾತ್ರಿಯೆಲ್ಲ ಹೊಸೆದು ತಂದಿದ್ದ ಪ್ರಾಸಗಳ ಪಟ್ಟಿ ಬಿಚ್ಚಿದೆ. ವಾಸ ಗ್ರಾಸ. ಹಾಸಿಗೆ ಆಸರೆ. ವಾಸ ವಿಶ್ವಾಸ. ನೀನು ಲೋಟ ಕೆಳಗಿಟ್ಟು, ‘ಪ್ರಾಸದಿಂದ ಹೊಟ್ಟಿ ತುಂಬ್ತೈತೇನವಾ? ಊಟಾತೇನ್ ಅಂತ ಇಡೂಣು’ ಎಂದೆ.

ಜೋರಾಗಿಯೇ ಎಂದೆ. ಪಕ್ಕದ ಮೇಜಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಇಬ್ಬರಲ್ಲಿ ಒಬ್ಬಾಕೆ ತಿರುಗಿ ನೋಡಿ ನಕ್ಕಳು. ನೀನು ಅವಳಿಗೂ ‘ಊಟಾತೇನ್ರಿ?’ ಎಂದು ಕೇಳಿದೆ. ಹನ್ನೆರಡು ವರ್ಷ ಕೆಲಸದಿಂದ ಎಷ್ಟೊತ್ತಿಗೆ ಬಂದ ಹುಡುಗಿಗೂ ನೀನು ಕೇಳಿದ ಮೊದಲ ಮಾತು ಅದೇ. ಅವರು ನಿನ್ನನ್ನು ವಿಜಯಲಕ್ಷ್ಮಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವರಿಗೆಲ್ಲ ನೀನು ಊಟಾತೇನ್ ಆಂಟಿ.

ನಾನು ಫೋನಿನಲ್ಲಿ ಆ ಹೆಸರು ಒತ್ತಿದೆ. ‘ಅಯ್ಯೋ, ಹೋಗ್ಬಿಟ್ಟಿದೆ ಕಣೆ ವಿಜಿ, ಯಾರೋ ತಗೊಂಡ್ಬಿಟ್ಟಿದ್ದಾರೆ’ ಎಂದು ಹೇಳಿದೆ. ನಡಾವಳಿಯಲ್ಲಿ ಹಾಗೆಯೇ ದಾಖಲಾಗಲಿ. ಹೇಳಿದೆ.

ನಿನಗೆ ಬೇಸರವಾಗಬಹುದೆಂದು ಕಾದೆ. ನಿನ್ನ ಮುಖ ಅರಳಿತು! ‘ಹೌದಾ? ಹಂಗಾರ ನಮ್ಮ ಕಡಿಯಾಕಿನ ಇರಬೇಕು. ಈ ಊರಾಗ ಇನ್ನೊಬ್ಬಾಕಿ ಹಿಂಗ ಕೇಳಾಕಿ ಅದಾಳಂದ್ರ... ಯಾರಂತ ನೋಡಲೇ ಲತಾ, ಎಲ್ಲಿರ್ತಾಳಂತ ನೋಡು.’ ಕಾಫಿ ಆರುತ್ತಿತ್ತು, ನಿನ್ನ ಕಣ್ಣು ನನ್ನ ಫೋನಿನ ಮೇಲಿತ್ತು. ‘ಪಾರವ್ವ ಅಂತೆ. ಕುಮಾರಸ್ವಾಮಿ ಲೇಔಟ್ ಅಂತೆ’ ಎಂದೆ ನಾನು.

ಮುಂದಿನದು ಸಭೆಗೆ ತಿಳಿದದ್ದೇ. ವಾಸ ವಿಶ್ವಾಸ ಎಂಬ ನನ್ನ ಪ್ರಾಸವೇ ಗೆದ್ದಿತು. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಪದ ಸೇರಿಸಿ ಬರೆದಾಗ ಅದನ್ನು ಜನ ‘ವಾಸವಿ ಶ್ವಾಸ’ ಎಂದು ಓದುತ್ತಾರೆ ಎಂದು ಕನ್ನಡ ಮೀಡಿಯಂನ ಬಿ.ಎ. ಪದವೀಧರೆಗೆ ಹೊಳೆಯಲಿಲ್ಲ. ಮೊದಲ ಫೋನು ಬನಶಂಕರಿಯಿಂದ ಬಂತು. ‘ಮೇಡಂ, ನಮ್ಮತ್ತೆಗೆ ಉಬ್ಬಸ, ಡಾಕ್ಟ್ರು ಎಷ್ಟೊತ್ತಿಗೆ ಸಿಗ್ತಾರೆ?’ ಎರಡನೆಯದು, ‘ನೆಬ್ಯುಲೈಸರ್ ಬಾಡಿಗೆಗೆ ಕೊಡ್ತೀರಾ?’ ಎಂಟು ತಿಂಗಳಲ್ಲಿ ನಮ್ಮನ್ನು ಹುಡುಕಿ ಬಂದ ಪಿ.ಜಿ.ಗಳು ನಾಲ್ಕು, ಕೆಮ್ಮುಗಳು ಲೆಕ್ಕವಿಲ್ಲದಷ್ಟು. ನೀನು ಮಾತ್ರ ಯಾರ ಫೋನನ್ನೂ ಇಡುತ್ತಿರಲಿಲ್ಲ. ಊಟಾತೇನ್ರಿ ಎಂದು ಕೇಳಿ, ಮೊಸರು ಬ್ಯಾಡ, ಬಿಸಿನೀರು ಕುಡೀರಿ ಎಂದು ಹೇಳಿಯೇ ಇಡುತ್ತಿದ್ದೆ.

ಇದರ ನಡುವೆ ಮೂರು ಭಾನುವಾರ ನೀನು ಬಸ್ಸು ಹತ್ತಿ ಕುಮಾರಸ್ವಾಮಿ ಲೇಔಟಿಗೆ ಹೋದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅಂಗಡಿ ಅಂಗಡಿಯಲ್ಲಿ ಕೇಳಿದೆ. ಮೂರನೆಯ ಸಲ ಒಬ್ಬ ಪಾರವ್ವ ಸಿಕ್ಕೇ ಬಿಟ್ಟಳು, ಗಾರೆ ಕೆಲಸದವರ ಮನೆಯ ಮುದುಕಿ. ‘ಆಕಿಗೆ ಡೊಮೇನ್ ಗೊತ್ತಿಲ್ಲವಾ, ರೊಟ್ಟಿ ಗೊತ್ತೈತಿ. ಕೊಟ್ ಬಂದೆ’ ಎಂದು ನಗುತ್ತಾ ಬಂದೆ. ನಿನ್ನ ಹಿಮ್ಮಡಿಯಲ್ಲಿ ಚಪ್ಪಲಿ ಕಚ್ಚಿ ಗಾಯವಾಗಿತ್ತು. ಪ್ಲಾಸ್ಟರ್ ಹಚ್ಚಿದವಳು ನಾನೇ. ಆ ಹೊತ್ತಿಗಾದರೂ ಬಾಯಿ ಬಿಡಬಹುದಿತ್ತು. ಪ್ಲಾಸ್ಟರಿನ ಮೇಲೊಂದು ಪ್ರಾಸ ಕಟ್ಟಿ ನಿನ್ನನ್ನು ನಗಿಸಿದೆ.

ನೀನು ಊರಿಗೆ ಹೋದ ಮೇಲೆ ಜೆ.ಪಿ. ನಗರದ ನಿಂಗರಾಜ ಎಂಬ ಪಿ.ಜಿ. ಮಾಲೀಕರು ಫೋನು ಮಾಡಿದ್ದರು. ಇದನ್ನು ನಿನಗೆ ಹೇಳಿಲ್ಲ. ‘ಮೇಡಂ, ನಿಮ್ ಜೊತೆ ಒಬ್ರು ಊಟಾತೇನ್ ಆಂಟಿ ಇದ್ರಲ್ಲ, ನಮ್ ಹುಡ್ಗೀರೆಲ್ಲ ಅವರ ಹೆಸರೇ ಹೇಳ್ತಾರೆ. ಆ ಹೆಸರು ಹಾಕಿ ನೆಟ್ಟಲ್ಲಿ ವರ್ಷದಿಂದ ಹುಡುಕ್ತಿದೀನಿ, ಏನೂ ಬರಲ್ಲ. ನಿಮ್ದು ಸಿಕ್ತು, ಆದ್ರೆ ಅದು ಆಸ್ತಮಾದ್ದಲ್ವಾ?’ ಎಂದರು. ನಾನು ಹೌದು ಸಾರ್, ಆಸ್ತಮಾದ್ದೇ ಎಂದು ಇಟ್ಟುಬಿಟ್ಟೆ.

ಈಗ ಕಾಗದ ತಡವಾದದ್ದಕ್ಕೆ ಕಾರಣ. ಪಾರವ್ವನಿಗೆ ನೀನು ಬರೆದದ್ದನ್ನು ನಾನು ಒಡೆದು ಓದಿದೆ. ‘ಪಾರವ್ವಗ ನಮಸ್ಕಾರ, ಊಟಾತೇನ್ರಿ?’ ಎಂದು ಶುರು ಮಾಡಿದ್ದೀಯ. ಅದರ ಕೆಳಗೆ, ‘ನಿಮ್ಮ ಹೆಸರು ಹುಡುಕಿ ಹೇಳಿದಾಕಿ ನಮ್ಮ ಲತಾ. ಆಕಿ ಪ್ರಾಸ ಭಾಳ ಹೇಳ್ತಾಳ, ಸುಳ್ಳ ಹೇಳಾಂಗಿಲ್ಲ’ ಎಂದಿದೆ. ಆಮೇಲೆ ಎಂಟು ದಿನ ಪಾರವ್ವನ ಪರವಾಗಿ ‘ಹೂಂ, ಹಾಕ್ಕೋರಿ’ ಎಂದು ಬರೆದು ಕಳಿಸಿಬಿಡೋಣ ಎಂದುಕೊಂಡೆ. ನಿನ್ನ ಕಡೆಯ ಮಾತಿನಲ್ಲಿ, ಬೇರೆ ಅಕ್ಷರದಲ್ಲಿ. ಎರಡು ಸಲ ಬರೆದೂ ನೋಡಿದೆ. ಚೆನ್ನಾಗಿಯೇ ಬಂದಿತ್ತು, ವಿಜಿ. ಅದಕ್ಕೇ ಹೆದರಿಕೆಯಾಗಿ ಹರಿದೆ.

ಸಭೆ ಗಿಭೆ ಏನೂ ಇಲ್ಲ. ಪಾರವ್ವನೂ ಇಲ್ಲ. ಇರಲೇ ಇಲ್ಲ. ಆ ದಿನ ಫೋನಿನಲ್ಲಿ ಹಸಿರು ಅಕ್ಷರದಲ್ಲಿ, ಈ ಹೆಸರು ಸಿಗುತ್ತದೆ, ತಗೊಳ್ಳಿ ಎಂದೇ ಬಂದಿತ್ತು. ಪಕ್ಕದ ಮೇಜಿನವಳು ನಕ್ಕಳಲ್ಲ, ನನಗೆ ನಿನ್ನ ಜೊತೆ ನಿಲ್ಲಲು ನಾಚಿಕೆಯಾಯಿತು.

ನಿನ್ನ
ಲತಾಮಣಿ

ತಾ.ಕ.: ಇವತ್ತು ಬೆಳಿಗ್ಗೆ ಆ ಹೆಸರನ್ನು ನಿನ್ನ ಹೆಸರಿಗೆ ಕೊಂಡು ಈ ಕಾಗದದ ಜೊತೆ ಕಳಿಸೋಣ ಎಂದು ಕೂತೆ. ಹೋಗಿದೆ. ಈ ಮಾರ್ಚಿನಲ್ಲಿ ಯಾರೋ ತೆಗೆದುಕೊಂಡಿದ್ದಾರೆ, ಯಾರೆಂದು ತೋರಿಸುವುದಿಲ್ಲ. ಗದಗಿನ ಬೋರ್ಡಿಗೆ ಅದರಿಂದ ಅಡ್ಡಿಯಿಲ್ಲ, ಆ ಹೆಸರು ನಿನ್ನದೇ, ಬರೆಸು. ಆದರೆ ಹೋಗಿದೆ ಎಂದು ನಾನು ಹೇಳಿದೆ ಅಂತ ಈ ಸಲವೂ ಸುಮ್ಮನಾಗಬೇಡ. ಮಗಳು ಪ್ರಿಯಾಂಕಾಳ ಫೋನಿನಲ್ಲಿ ನೀನೇ ಒತ್ತಿ ನೋಡು.