ಬಿಸಿಯಾದರೆ ಹೇಳಿ

ಬೆಳಕು ಚಿಕಿತ್ಸಾ ಘಟಕದ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಘಟಕದ ದೀಪ ನನ್ನ ಅಮ್ಮನ ಬಲಗಾಲನ್ನು ಸುಟ್ಟಿದೆ. ನನ್ನ ದೂರಿಗೆ ನೀವು ಕಳಿಸಿದ ಉತ್ತರದಲ್ಲಿ ಇರುವುದು ಒಂದೇ ವಾಕ್ಯ: ‘ಚಿಕಿತ್ಸೆಯ ವೇಳೆ ರೋಗಿಯು ಬಿಸಿಯ ಬಗ್ಗೆ ತಿಳಿಸಿರುವುದಿಲ್ಲ.’ ನಿಜ, ಸುಡುತ್ತಿದೆ ಎಂದು ತಿಳಿಸಲಿಲ್ಲ. ಕಾಲಿಗೆ ಏನೂ ತಿಳಿಯುವುದಿಲ್ಲವೆಂದೇ ಅಲ್ಲವೇ ಅವಳು ನಿಮ್ಮಲ್ಲಿಗೆ ಬಂದದ್ದು? ಮೂಗನನ್ನು ಸಾಕ್ಷಿಗೆ ಕರೆದು, ಅವನು ಏನೂ ಹೇಳಲಿಲ್ಲವೆಂದು ತೀರ್ಪು ಬರೆದ ಹಾಗಾಯಿತು.

ನಮ್ಮದು ವಂಶದಲ್ಲಿ ಇಳಿದುಬಂದ ನರದ ಕಾಯಿಲೆ. ಅಜ್ಜನಿಂದ ಅಮ್ಮನಿಗೆ ಬಂತು. ಪಾದ, ಬೆರಳುಗಳಲ್ಲಿ ಶುರುವಾಗಿ ಸ್ಪರ್ಶ ವರ್ಷಕ್ಕಿಷ್ಟು ಸಾಯುತ್ತದೆ. ಅಮ್ಮ ಲಾಂಡ್ರಿಯೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ಅವಳು ಬೆರಳಿನಿಂದ ನೋಡುವುದಿಲ್ಲ. ನೀರು ಚಿಮುಕಿಸಿ ‘ಚುಂಯ್’ ಅನ್ನುವುದನ್ನು ಕೇಳುತ್ತಾಳೆ. ಸದ್ದು ಸಣ್ಣದಾದರೆ ತೆಳು ಬಟ್ಟೆಗೆ, ಜೋರಾದರೆ ದಪ್ಪದ್ದಕ್ಕೆ. ಹತ್ತು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಅಂಗಿಯೂ ಸುಟ್ಟಿಲ್ಲ. ಓದು ಬರಹ ಬಾರದ ಹೆಂಗಸಿಗೆ ಹೊಳೆದ ಈ ಉಪಾಯ ಇಡೀ ಒಂದು ಘಟಕಕ್ಕೆ ಹೊಳೆಯಲಿಲ್ಲವಲ್ಲ!

‘ಕೆಂಪು ಬೆಳಕು: ಸತ್ತ ನರಕ್ಕೆ ಮರುಜೀವ’ ಎಂಬ ನಿಮ್ಮ ಕರಪತ್ರವನ್ನು ಮನೆಗೆ ತಂದವಳು ನಾನೇ. ಕರಪತ್ರ ಓದಿಯೇ ಲೋಕ ತಿಳಿದವಳು ನಾನು. ಯಾವುದಕ್ಕೂ ಪುರಾವೆ ಎಲ್ಲಿ ಎಂದು ಎಲ್ಲರನ್ನೂ ಕೇಳುವ ನಾನು, ವಂಶದ ಕಾಯಿಲೆಗೆ ಇದು ನಾಟುತ್ತದೆ ಎಂಬುದಕ್ಕೆ ಪುರಾವೆಯನ್ನು ನಿಮ್ಮನ್ನು ಮಾತ್ರ ಕೇಳಲಿಲ್ಲ.

ಚಿಕಿತ್ಸೆಯ ಒಂಬತ್ತನೆಯ ದಿನ ದೀಪ ನೋಡಿಕೊಳ್ಳುವಾಕೆ, ಗೋಡೆಗೆ ಅಂಟಿಸಿದ್ದ ಸೂಚನೆಯಂತೆ ಕೇಳಿದರು: “ಬಿಸಿ ಆದ್ರೆ ಹೇಳೀಮ್ಮಾ. ಏನಾದ್ರೂ ಗೊತ್ತಾಗ್ತಿದೆಯಾ?”

ಅಮ್ಮ ನನ್ನ ಮುಖ ನೋಡಿದಳು. “ಹೂಂ, ಒಂಚೂರು ಬೆಚ್ಚಗಿದೆ.”

“ನೋಡಿದ್ರಾ, ನರ ಏಳ್ತಾ ಇದೆ!” ಎಂದು ಆಕೆ ದೀಪವನ್ನು ಇನ್ನೂ ಹತ್ತಿರಕ್ಕೆ ಎಳೆದರು. ನಾನು ಚಪ್ಪಾಳೆ ತಟ್ಟಿದೆ. ಹೌದು, ತಟ್ಟಿದೆ.

ಸ್ವಲ್ಪ ಹೊತ್ತಿಗೆ ಅಮ್ಮ ಮೂಗರಳಿಸಿ, “ಯಾರೋ ಪೆಟ್ಟಿಗೆನ ಬಟ್ಟೆ ಮೇಲೇ ಬಿಟ್ಟಿದ್ದಾರೆ, ನೋಡೇ,” ಎಂದಳು. ಪಾದದ ಕೆಳಗಿನ ಟವೆಲು ಕಂದುಬಣ್ಣಕ್ಕೆ ತಿರುಗಿತ್ತು. ಪಾದದ ತುಂಬ ಬೊಬ್ಬೆ.

“ಯಾಕಮ್ಮಾ ಸುಳ್ಳು ಹೇಳ್ದೆ?”

“ನೀನು ಅಷ್ಟು ಆಸೆ ಇಟ್ಕೊಂಡು ಕೂತಿದ್ದೆಯಲ್ಲೇ, ಹೇಗೆ ಇಲ್ಲ ಅನ್ನೋದು?”

ನಿಮ್ಮ ಪುಸ್ತಕದಲ್ಲಿ ಆ ದಿನದ ಎದುರು ‘ಸುಧಾರಣೆ ಕಂಡಿದೆ’ ಎಂದು ಬರೆದಿದೆಯಂತೆ.

ಐದು ವಾರವಾಯಿತು, ಗಾಯ ಮಾಗಿಲ್ಲ. ಎರಡು ಬೆರಳು ಉಳಿಯುತ್ತವೆಯೇ ಎಂದರೆ ವೈದ್ಯರು ಮಾತು ಬದಲಿಸುತ್ತಾರೆ. ಅಮ್ಮನಿಗೆ ನೋವಿಲ್ಲ. ನನಗೂ ಸಿಟ್ಟು ಬರುತ್ತಿಲ್ಲ. ಬರಬೇಕಾದ ಜಾಗ ಜೋಮು ಹಿಡಿದಿದೆ.

ಆದ್ದರಿಂದ ಸಮಾಧಾನದಲ್ಲೇ ಕೇಳುತ್ತಿದ್ದೇನೆ. ಗೋಡೆಯ ಮೇಲಿನ ‘ಬಿಸಿಯಾದರೆ ಹೇಳಿ’ ಎಂಬ ಸಾಲನ್ನು ಕಿತ್ತುಹಾಕಿ. ರೋಗಿಯ ಕಾಲಿಗಿಂತ ಮೊದಲು, ಸ್ಪರ್ಶ ಇರುವವರೊಬ್ಬರ ಕೈ ಆ ದೀಪದಡಿ ಇರಲಿ; ಅಳೆಯುವ ಮಾಪಕವೂ ಇರಲಿ. ಪುರಾವೆ ಇಲ್ಲದಿದ್ದರೆ ಇಲ್ಲವೆಂದು ಕರಪತ್ರದಲ್ಲೇ ಅಚ್ಚು ಹಾಕಿಸಿ. ನನಗೆ ಬರೆದ ಆ ಒಂದು ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ.

ತಡಮಾಡಬೇಡಿ. ಕಳೆದ ವಾರ ವೈದ್ಯರು ನನ್ನ ಕಾಲಿಗೂ ಸೂಜಿ ಚುಚ್ಚಿ ನೋಡಿದರು. ಎಡ ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ. ಕಾಯುವ ಪೆಟ್ಟಿಗೆಯ ಸದ್ದು ಕೇಳುವುದನ್ನು ಅಮ್ಮ ಮಂಚದ ಮೇಲೆ ಕೂತೇ ನನಗೆ ಕಲಿಸುತ್ತಿದ್ದಾಳೆ.

ಇಂತಿ,
ಅಂದು ಚಪ್ಪಾಳೆ ತಟ್ಟಿದವಳು