ಎಡದಿಂದ ಎರಡನೇ ಖಾನೆ

ಜೂನ್ 3, ಸೋಮವಾರ. ಬೆಳಿಗ್ಗೆ 8.10

ಕಟ್ಟಡದ ಸೈಟಿನ ಸ್ಟೋರ್ ತೆಗೆದೆ. ಬೀಗ ಮೂರನೇ ಸಲಕ್ಕೆ ಬಗ್ಗಿತು. ಈ ವಾರವಿಡೀ ಭಾವಮೈದನಿಗೆ ನೆಲಮಾಳಿಗೆಯಲ್ಲಿ ಕೆಲಸ. ತೆಳು ಕಾಂಕ್ರೀಟ್ ಗೋಡೆಗೆ ಕಬ್ಬಿಣದ ಪಟ್ಟಿ ಬಡಿಯುವುದು. ಸುತ್ತಿಗೆಯಿಂದಲ್ಲ, ನೇಲ್ ಗನ್ನಿಂದ. ಕಿರುಬೆರಳ ಉಗುರಿನಷ್ಟು ಕಾರ್ಟ್ರಿಡ್ಜ್. ಒಳಗೆ ಗುಂಡಿಲ್ಲ, ಬರೀ ಮದ್ದು. ಅದೇ ಮೊಳೆಯನ್ನು ಗೋಡೆಯೊಳಕ್ಕೆ ಇಳಿಸುತ್ತದೆ. ಗುಂಡಿಲ್ಲವೆಂದು ಸದರ ಕೊಟ್ಟರೆ ತಲೆಯ ಮೇಲೇ ಕೂರುತ್ತದೆ.

ತುದಿಯ ಬಣ್ಣ ನೋಡಿ ಶಕ್ತಿ ಹೇಳಬೇಕು. ಬೂದು ಎಲ್ಲಕ್ಕಿಂತ ಮೆತ್ತಗೆ. ಆಮೇಲೆ ಕಂದು, ಹಸಿರು, ಹಳದಿ, ಕೆಂಪು. ನೇರಳೆ ಎಂದರೆ ರಾಕ್ಷಸ. ಮೊದಲು ಮೆತ್ತಗಿನದನ್ನೇ ಹೊಡೆದು ನೋಡಬೇಕು. ಮೊಳೆ ಪೂರ್ತಿ ಇಳಿಯದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಸ್ಲೋ ಅಂಡ್ ಸ್ಟೆಡಿ ವಿನ್ಸ್ ದಿ... ದಿ ಏನೋ. ಕಾಲೇಜಿನಲ್ಲಿ ಬರುತ್ತಿತ್ತು. ಗೆದ್ದದ್ದು ಆಮೆ ಎಂಬುದಷ್ಟೇ ಈಗ ನೆನಪು.

ಕಂಪನಿಯ ಪೆಟ್ಟಿಗೆಯಿಂದ ಹೊರಗೆ ಬಿಡಿಯಾಗಿ ಇಡಬಾರದು ಎಂದು ನಿಯಮ. ಇಟ್ಟಿದ್ದೇನೆ. ಮನೆಯವಳ ಮಾತ್ರೆ ಡಬ್ಬಿಯಲ್ಲಿ — ಆರು ಖಾನೆ, ಆರು ಬಣ್ಣ. ಅವಳು ಹೋಗಿ ಹದಿನಾಲ್ಕು ತಿಂಗಳು. ಎಸೆಯಲು ಕೈ ಬರಲಿಲ್ಲ. ಎಡದ ತುದಿಗೆ ಬೂದು, ಬಲದ ತುದಿಗೆ ನೇರಳೆ. ನಿಜ ಬರೆಯಬೇಕೆಂದರೆ, ಎರಡೂ ಕಣ್ಣಿಗೆ ಪೊರೆ. ಸ್ಟೋರಿನ ಮಬ್ಬಿನಲ್ಲಿ ಕಂದು, ಕೆಂಪು ಎಲ್ಲಾ ಒಂದೇ ಕಷಾಯ. ಖಾನೆ ಗೊತ್ತಿರುವುದು ಬೆರಳಿಗೆ. ಆಪರೇಷನ್ ಎಂದು ರಜೆ ಹಾಕಿದರೆ ಇಲ್ಲಿ ಇನ್ನೊಬ್ಬನನ್ನು ಕೂರಿಸುತ್ತಾರೆ. ಆಮೇಲೆ ನಾನು ಮನೆಯಲ್ಲಿ ಯಾರ ಮುಖ ನೋಡುತ್ತ...

ಅವನು ಬಂದ.

"ಭಾವ, ಕಂದು ನಾಲ್ಕು ಕೊಡಿ. ಕಂದೇ ತಾನೆ? ಆಮೇಲೆ ಗೋಡೆ ಜೊತೆ ನಾನೂ ಆಚೆ ಹೋದೇನು."

"ನಿಮ್ಮಕ್ಕನ್ನ ಮೂವತ್ತು ವರ್ಷ ಸಾಕಿದೀನಿ. ನಾಲ್ಕು ಕಾರ್ಟ್ರಿಡ್ಜ್ ಕೊಡೋಕೆ ಬರಲ್ವೇನೋ?"

"ಯಾರು ಯಾರನ್ನ ಸಾಕಿದ್ರು ಅಂತ ಎಲ್ರಿಗೂ ಗೊತ್ತು, ಬಿಡಿ."

ಜೂನ್ 6, ಗುರುವಾರ

ಶೆಲ್ಫ್ ಪೂರಾ ಇಳಿಸಿ ಧೂಳು ಒರೆಸಿ ಮತ್ತೆ ಜೋಡಿಸಿದೆ. ಸೊಂಟ ಹಿಡಿಯಿತು. ಒಂದು ಕಾರ್ಟ್ರಿಡ್ಜ್ ಸಿಡಿಯದೆ ವಾಪಸ್ ಬಂತು. ಭಾವಮೈದ ಅರ್ಧ ನಿಮಿಷ ಗನ್ನನ್ನು ಗೋಡೆಗೆ ಒತ್ತಿ ಹಿಡಿದೇ ಇದ್ದನಂತೆ. ಆಮೇಲೆ ತೆಗೆದು, ನೀರಿಗೆ ಹಾಕಿ ತಂದಿದ್ದಾನೆ. ಹದಿನೆಂಟು ವರ್ಷದಲ್ಲಿ ಒಂದು ಗೀರು ಇಲ್ಲ ಅವನ ಮೈಮೇಲೆ.

ಜೂನ್ 7, ಶುಕ್ರವಾರ. ಸಂಜೆ 4

ಆಂಬ್ಯುಲೆನ್ಸ್ ಹೋಯಿತು.

ಮೊದಲ ಏಟಿಗೇ ಮೊಳೆ ಗೋಡೆ ತೂರಿ ಹೋಯಿತು. ಆಚೆ ಬಗ್ಗಿ ಪೈಪು ಜೋಡಿಸುತ್ತಿದ್ದ ಪ್ಲಂಬರ್ — ಬೆನ್ನಿಗೆ.

ಡಬ್ಬಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಕಣ್ಣಿಗೆ ಅಂಟಿಸಿಕೊಂಡು ನೋಡಿದೆ. ಎಡದ ತುದಿಯಲ್ಲಿ ನೇರಳೆ. ನಿನ್ನೆ ಒರೆಸಿ ಇಡುವಾಗ ತಿರುಗುಮುರುಗು ಇಟ್ಟಿದ್ದೇನೆ. ಕಂದು ಇರಬೇಕಾದ ಖಾನೆಯಲ್ಲಿ ಕೆಂಪು.

ಬೆಳಿಗ್ಗೆ ಕೇಳಿದ್ದ, ದಿನಾ ಕೇಳುವ ಹಾಗೆ. ಕಂದೇ ತಾನೆ ಭಾವ? ಹೌದಪ್ಪ ಎಂದಿದ್ದೆ. ನೆಲಮಾಳಿಗೆಯಲ್ಲಿ ಕರೆಂಟ್ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ, ನನ್ನ ಮಾತು ನಂಬಿ...

ಜೂನ್ 10, ಸೋಮವಾರ

ವಿಚಾರಣೆ. ಸೇಫ್ಟಿ ಆಫೀಸರ್ ಪೆನ್ನು ತೆರೆದು, "ಕಾರ್ಟ್ರಿಡ್ಜ್ ಕೊಟ್ಟೋರು ಯಾರು?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನು, "ಇವ್ರು ಸ್ಟೋರಲ್ಲಿ ಇರ್ಲಿಲ್ಲ ಸಾರ್. ನಾನೇ ಎತ್ಕೊಂಡೆ. ಬಣ್ಣ ನೋಡ್ಲಿಲ್ಲ."

ಗಂಟಲು ಸರಿಯಾಗಿಯೇ ಇತ್ತು. ಗನ್ ಹಿಡಿಯುವ ಅವನ ಪರವಾನಗಿ ಕಾರ್ಡನ್ನು ಕಣ್ಣೆದುರೇ ಕತ್ತರಿಸಿದರು. ಕೆಲಸ ಹೋಯಿತು. ಬೇರೆಡೆಯೂ ಸಿಗದು.

ಹೊರಗೆ ತೋಳು ಹಿಡಿದೆ. "ಯಾಕೋ ಹಾಗಂದೆ?"

"ನಿಮ್ಮ ಕಣ್ಣಿನ ವಿಷಯ ನಂಗೆ ಗೊತ್ತಿತ್ತು ಭಾವ. ಗೊತ್ತಿದ್ದೂ ನೋಡ್ಕೊಳ್ಳದೆ ತುಂಬಿದ್ನಲ್ಲ. ನಂದೂ ತಪ್ಪೇ."

"ಹೋಗಿ ಹೇಳಿಬಿಡ್ತೀನಿ."

"ಹೇಳಿ. ನಾನು ಸುಳ್ಳುಗಾರನೂ ಆಗ್ತೀನಿ. ಆ ಪ್ಲಂಬರ್ ಎದ್ದು ಓಡಾಡ್ತಾನಾ?"

ಜೂನ್ 19, ಬುಧವಾರ

ಪ್ಲಂಬರನಿಗೆ ಸೊಂಟದ ಕೆಳಗೆ ಸ್ಪರ್ಶ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದರಂತೆ.

ಹೇಳಿಕೆ ಬರೆದೆ, ಹರಿದೆ. ಒಂಬತ್ತು ದಿನದಿಂದ ಇದೇ. 'ಐ, ದಿ ಅಂಡರ್‌ಸೈನ್ಡ್' ತನಕ ಮುತ್ತಿನಂಥ ಅಕ್ಷರ. ಆಮೇಲೆ ಇಂಗ್ಲಿಷೂ ಕೈಕೊಡುತ್ತದೆ, ಧೈರ್ಯವೂ. ಕನ್ನಡದಲ್ಲಿ ಬರೆಯಬಹುದು. ಕನ್ನಡದಲ್ಲಿ ಎಲ್ಲವೂ ಬರುತ್ತದೆ, ಅದೇ ಭಯ.

ಜೂನ್ 20, ಗುರುವಾರ. ಮಧ್ಯಾಹ್ನ

ಪ್ಲಂಬರನ ಹೆಂಡತಿ ಬಂದಿದ್ದಳು. ಗಂಡನ ಟೂಲ್ ಬ್ಯಾಗ್ ತೆಗೆದುಕೊಂಡು ಹೋಗಲು. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ಒಂದೇ ಮಾತು ಕೇಳ್ತೀನಿ ಯಜಮಾನ್ರೇ. ಆ ಮನುಷ್ಯ ನಿಜವಾಗ್ಲೂ ನೋಡದೇ ತುಂಬ್ಕೊಂಡ್ನಾ? ನಮ್ಮನೆಯೋರು ನಂಬ್ತಾ ಇಲ್ಲ. ಅವ್ನು ಅಂಥೋನಲ್ಲ ಅಂತಾರೆ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ನಾವಿಬ್ಬರೇ. ಬಾಗಿಲೂ ಮುಂದೆ ಮಾಡಿತ್ತು.

"ಅವನೇ ಎತ್ಕೊಂಡ ಕಣಮ್ಮ. ನಾನಿರ್ಲಿಲ್ಲ."

ನನ್ನ ದನಿಯೇ. ನಡುಗಲೂ ಇಲ್ಲ. ಆಕೆ ಕೈ ಮುಗಿದಳು. "ನೀವಾದ್ರೂ ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ" ಎಂದು ಬ್ಯಾಗ್ ಎತ್ತಿಕೊಂಡು ಹೊರಟಳು.

ಹೆಲ್ಮೆಟ್ಟು, ಕನ್ನಡಕ ವಾಪಸ್ ಕೊಡಲು ಭಾವಮೈದ ಇವತ್ತೇ ಬರಬೇಕೇ! ಅಂಗಳದಲ್ಲಿ ಎದುರಾದರು. ಆಕೆ ಬ್ಯಾಗ್ ನೆಲಕ್ಕಿಟ್ಟು ಏನೋ ಕೂಗಿದಳು. ಅವನು ತಲೆ ತಗ್ಗಿಸಿ ನಿಂತ. ಸ್ಟೋರಿನ ಕಡೆ ಒಮ್ಮೆಯೂ ನೋಡಲಿಲ್ಲ. ಎದ್ದೆ. ಬಾಗಿಲವರೆಗೆ ಹೋದೆ. ಚಿಲಕದ ಮೇಲೆ ಕೈ ಇಟ್ಟೆ. ಒಳಗಿನಿಂದ ಹಾಕಿಕೊಂಡೆ.